ಅರವತ್ತು ಜನರ ಒಂದು ದಿನ, ಒಬ್ಬಳ ನಲವತ್ತೆರಡು ದಿನ: ಮನಃಶಾಸ್ತ್ರದ ಪ್ರಾಜೆಕ್ಟ್‌ಗೆ ಕೈಹಾಕುವ ಮುನ್ನ

ಡಿಗ್ರಿ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ವಿಷಯ ಬರೆದುಕೊಂಡು ಬರುವ ಹೊತ್ತಿಗೆ ನಮ್ಮ ಹಾಸನದಲ್ಲಿ ಚಳಿ ಹಿಡಿದಿರುತ್ತದೆ. ಹೆಚ್ಚಿನ ಹಾಳೆಗಳ ಮೇಲೆ ಒಂದೇ ಸಾಲು: “ಹಾಸನದ ಪದವಿ ವಿದ್ಯಾರ್ಥಿಗಳಲ್ಲಿ ಪರೀಕ್ಷಾ ಆತಂಕ – ಒಂದು ಅಧ್ಯಯನ.” ಅರವತ್ತು ಫಾರಂ ಜೆರಾಕ್ಸ್, ಎರಡು ತರಗತಿಗೆ ಹಂಚಿಕೆ, ಸರಾಸರಿ, ಎರಡು ಗುಂಪಿನ ಸರಾಸರಿ ಹೋಲಿಸುವ ಒಂದು ಟಿ-ಟೆಸ್ಟ್, ಬೈಂಡಿಂಗ್. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಲೆಕ್ಕವೆಲ್ಲ ಮುಗಿಸಿದ ಮೇಲೆ ನನ್ನ ಟೇಬಲ್ ಹತ್ತಿರ ಬಂದು ನಿಂತಳು. “ಮೇಡಂ, ಕಡಿಮೆ ನಿದ್ದೆ ಮಾಡೋರಿಗೆ ಆತಂಕ ಜಾಸ್ತಿ ಅಂತ ಬಂತು. ನನ್ನ ರೂಮ್‌ಮೇಟ್ ತನ್ನ ಸ್ಕೋರ್ ಎಷ್ಟು ಅಂತ ತಾನೇ ಕೇಳಿದ್ಲು, ತುಂಬಾ ಜಾಸ್ತಿ ಇತ್ತು. ಬೇಗ ಮಲಗು ಅಂದೆ. ಹದಿನೈದು ದಿನದಿಂದ ಬೇಗ ಮಲಗ್ತಿದ್ದಾಳೆ. ಆದ್ರೂ ಹಂಗೇ ಇದ್ದಾಳೆ. ಯಾಕೆ?”

ಆ ‘ಯಾಕೆ’ಗೆ ಅರವತ್ತು ಫಾರಂಗಳಲ್ಲಿ ಉತ್ತರ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅನೇಕರನ್ನು ಒಂದೊಂದು ಸಲ ಅಳೆದರೆ ಅನೇಕರ ಬಗ್ಗೆ ತಿಳಿಯುತ್ತದೆ. ಒಬ್ಬಳ ಬಗ್ಗೆ ತಿಳಿಯಬೇಕಾದರೆ ಆ ಒಬ್ಬಳನ್ನೇ ಅನೇಕ ಸಲ ಅಳೆಯಬೇಕು. ನಾವು ಮುಂದೆ ಆರು ವಾರ ಅದನ್ನೇ ಮಾಡಿದೆವು. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ, ಮಕ್ಕಳ ಜೊತೆ ದಿನವಿಡೀ ಇರುವ ಶಾಲಾ ಶಿಕ್ಷಕರಿಗೆ, ಆಪ್ತಸಮಾಲೋಚನೆ ಕಲಿಯುತ್ತಿರುವವರಿಗೆ ಉಪಯೋಗಕ್ಕೆ ಬರಲಿ. ನಾವು ಅಳೆದದ್ದು ಆ ರೂಮ್‌ಮೇಟ್ ಹುಡುಗಿಯನ್ನು; ಅವಳ ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳು ಓದಿ ಒಪ್ಪಿದ್ದಾಳೆ.

ಹೆಜ್ಜೆ 1: ವಿಷಯ ಬಿಡಿ, ಪ್ರಶ್ನೆ ಬರೆಯಿರಿ

‘ಪರೀಕ್ಷಾ ಆತಂಕ’ ಎಂಬುದು ವಿಷಯ. ಅದನ್ನು ಪೂರ್ತಿ ವಾಕ್ಯದ ಪ್ರಶ್ನೆಯಾಗಿ ಬರೆದು, ಆ ವಾಕ್ಯದಲ್ಲಿ ಯಾರಿದ್ದಾರೆ ನೋಡಿ. “ಹಾಸ್ಟೆಲ್‌ನಲ್ಲಿರುವವರಿಗೆ ಆತಂಕ ಹೆಚ್ಚೋ, ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಹೆಚ್ಚೋ?” ಇದರಲ್ಲಿ ಇರುವುದು ಗುಂಪು. ಅರವತ್ತು ಫಾರಂ ಸಾಲದಿದ್ದರೆ ನೂರಿಪ್ಪತ್ತು ತುಂಬಿಸಿ. “ಈ ಹುಡುಗಿಗೆ ಯಾವ ದಿನ ಎದೆ ಡವಡವ ಅನ್ನುತ್ತದೆ, ಯಾವ ದಿನ ಅನ್ನುವುದಿಲ್ಲ?” ಇದರಲ್ಲಿ ಇರುವುದು ಒಬ್ಬಳು. ಸಾವಿರ ಫಾರಂ ತುಂಬಿಸಿದರೂ ಇದಕ್ಕೆ ಉತ್ತರ ಬರುವುದಿಲ್ಲ.

ಈ ಎರಡು ದಾರಿಗೆ ಪಠ್ಯದಲ್ಲಿ ಹೆಸರುಗಳಿವೆ. ನಿಯಮ ಹುಡುಕುವುದು ನೊಮೊಥೆಟಿಕ್, ಒಂದೇ ಸಲ ಘಟಿಸುವುದನ್ನು ಅದರದೇ ಆದ ರೂಪದಲ್ಲಿ ಬಿಡಿಸಿ ಹೇಳುವುದು ಇಡಿಯೋಗ್ರಾಫಿಕ್. ಗ್ರೀಕ್‌ನಲ್ಲಿ ನೊಮೊಸ್ ಅಂದರೆ ನಿಯಮ, ಇಡಿಯೊಸ್ ಅಂದರೆ ತನ್ನದೇ ಆದದ್ದು. ಉತ್ತರಪತ್ರಿಕೆಗಳಲ್ಲಿ ‘ಐಡಿಯಾ’ದಿಂದ ಬಂದ ಪದ ಎಂದು ಬರೆದವರನ್ನು ತುಂಬಾ ನೋಡಿದ್ದೇನೆ. ಐಡಿಯಾಗೂ ಇದಕ್ಕೂ ಸಂಬಂಧವಿಲ್ಲ. ಈ ಜೋಡಿಪದ ಕೊಟ್ಟವರು ಜರ್ಮನ್ ತತ್ವಶಾಸ್ತ್ರಜ್ಞ ವಿಲ್ಹೆಲ್ಮ್ ವಿಂಡಲ್‌ಬಾಂಡ್. 1894ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿ ಮಾಡಿದ ಭಾಷಣದಲ್ಲಿ. ಒಂದೇ ವಸ್ತುವನ್ನು ಎರಡೂ ದಾರಿಯಲ್ಲಿ ಅಭ್ಯಾಸ ಮಾಡಬಹುದು ಎಂದು ಅವರು ಆಗಲೇ ಹೇಳಿದ್ದರು. ಅದನ್ನು ವ್ಯಕ್ತಿತ್ವದ ಅಭ್ಯಾಸಕ್ಕೆ ತಂದವರು ಅಮೆರಿಕದ ಗಾರ್ಡನ್ ಆಲ್‌ಪೋರ್ಟ್, 1937ರಲ್ಲಿ. ಆಮೇಲೆ ಈ ಎರಡು ಪದ ಇಟ್ಟುಕೊಂಡು ಎಷ್ಟು ಜಗಳ ನಡೆಯಿತೆಂದರೆ 1962ರಲ್ಲಿ ಆಲ್‌ಪೋರ್ಟ್ ಅವರೇ ಇವನ್ನು ಕೈಬಿಟ್ಟು ಬೇರೆ ಪದಗಳನ್ನು ಸೂಚಿಸಿದರು. ಪರೀಕ್ಷೆಯಲ್ಲಿ ‘ವ್ಯತ್ಯಾಸ ತಿಳಿಸಿ’ ಎಂದು ಕೇಳುವುದರಿಂದ ಮಕ್ಕಳು ಇವನ್ನು ಎರಡು ಪಕ್ಷಗಳೆಂದುಕೊಂಡಿದ್ದಾರೆ. ನಿಮ್ಮ ಪ್ರಶ್ನೆ ಯಾವುದೋ ದಾರಿ ಅದು, ಅಷ್ಟೇ.

ಹೆಜ್ಜೆ 2: ಸರಾಸರಿಗೆ ಎಷ್ಟು ಕೈ ಚಾಚಲು ಬರುತ್ತದೆ ತಿಳಿದುಕೊಳ್ಳಿ

ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

1950ರಲ್ಲಿ ಅಮೆರಿಕದ ವಾಯುಸೇನೆ ನಾಲ್ಕು ಸಾವಿರಕ್ಕೂ ಮಿಕ್ಕಿ ಪೈಲಟ್‌ಗಳ ಮೈ ಅಳತೆ ತೆಗೆಯಿತು. ಆ ಲೆಕ್ಕವನ್ನು ನೋಡಿದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಎತ್ತರ, ಎದೆ, ತೋಳು ಹೀಗೆ ಹತ್ತು ಅಳತೆ ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರುವವರು ಎಷ್ಟು ಜನ ಎಂದು ಎಣಿಸಿದ. 4,063 ಜನರಲ್ಲಿ ಒಬ್ಬನೂ ಇರಲಿಲ್ಲ. ಸರಾಸರಿ ಪೈಲಟ್‌ಗೆಂದು ಮಾಡಿದ ಸೀಟು ಯಾರಿಗೂ ಸರಿಯಾಗಿ ಕೂರದ ಸೀಟು. ಕೊನೆಗೆ ಅವರು ಸೀಟನ್ನೇ ಹಿಂದೆಮುಂದೆ ಸರಿಸುವಂತೆ ಮಾಡಿಕೊಂಡರು.

ಇದು ಮೈ ಅಳತೆಯ ಮಾತಾಯಿತು. ಮನಸ್ಸಿನ ಅಳತೆಯಲ್ಲಿ ಇನ್ನೊಂದು ತೊಡಕಿದೆ, ಅದು ಇನ್ನೂ ಆಳದ್ದು. ಟೈಪಿಂಗ್ ಉದಾಹರಣೆ ತೆಗೆದುಕೊಳ್ಳಿ. ನೂರು ಜನರನ್ನು ಕೂರಿಸಿ ನೋಡಿದರೆ ವೇಗವಾಗಿ ಟೈಪ್ ಮಾಡುವವರ ತಪ್ಪು ಕಡಿಮೆ, ಏಕೆಂದರೆ ಅವರು ಕೈ ಪಳಗಿದವರು. ಆದರೆ ಅವರಲ್ಲೇ ಒಬ್ಬರನ್ನು ಹಿಡಿದು “ಇನ್ನೂ ಬೇಗ ಮಾಡಿ” ಎಂದರೆ ತಪ್ಪು ಹೆಚ್ಚುತ್ತದೆ. ಜನರ ನಡುವೆ ನೋಡಿದಾಗ ವೇಗ ಹೆಚ್ಚಿದಷ್ಟೂ ತಪ್ಪು ಕಡಿಮೆ, ಒಬ್ಬರ ಒಳಗೆ ನೋಡಿದಾಗ ವೇಗ ಹೆಚ್ಚಿದಷ್ಟೂ ತಪ್ಪು ಹೆಚ್ಚು. ಎರಡೂ ನಿಜ. ಮೊದಲನೆಯದನ್ನು ನೋಡಿ ಎರಡನೆಯದರ ಬಗ್ಗೆ ಬುದ್ಧಿವಾದ ಹೇಳಿದರೆ ಮಾತ್ರ ಸುಳ್ಳಾಗುತ್ತದೆ.

ಪೀಟರ್ ಮೊಲೆನಾರ್ ಎಂಬ ವಿಜ್ಞಾನಿ 2004ರಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ಕಟ್ಟುನಿಟ್ಟಾಗಿ ವಾದಿಸಿದರು. ಗುಂಪಿನಲ್ಲಿ ಕಂಡ ಸಂಬಂಧ ಒಬ್ಬರ ಒಳಗೂ ಹಾಗೆಯೇ ಇರಬೇಕಾದರೆ, ಎಲ್ಲರೂ ಒಂದೇ ರೀತಿ ಬದಲಾಗುತ್ತಿರಬೇಕು ಮತ್ತು ಕಾಲ ಕಳೆದಂತೆ ಆ ರೀತಿ ಬದಲಾಗದೆ ಇರಬೇಕು. ಕಲಿಯುವ, ಬೆಳೆಯುವ, ದುಃಖಪಡುವ ಮನುಷ್ಯರಲ್ಲಿ ಈ ಷರತ್ತು ಕೂಡಿಬರುವುದು ಅಪರೂಪ.

ನನ್ನ ವಿದ್ಯಾರ್ಥಿನಿ ಎಡವಿದ್ದು ಇಲ್ಲೇ. ಅರವತ್ತು ಜನರ ನಡುವೆ ನಿದ್ದೆಗೂ ಆತಂಕಕ್ಕೂ ಇದ್ದ ಸಂಬಂಧವನ್ನು ಒಬ್ಬಳ ರಾತ್ರಿಗೆ ಔಷಧಿಯ ಹಾಗೆ ಕೊಟ್ಟಳು. ಅವಳ ತಪ್ಪೂ ಅಲ್ಲ, ನಾವು ಕಲಿಸಿದ್ದೇ ಹಾಗೆ. ಮೈಸೂರಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ತೆರೆದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್‌ನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಅನೇಕರ ಅಂಕಗಳನ್ನು ಒಂದಕ್ಕೊಂದು ಹೋಲಿಸಿ ಅವುಗಳ ಹಿಂದಿನ ಸಾಮಾನ್ಯ ಅಂಶ ಹುಡುಕುವುದು ಸ್ಪಿಯರ್‌ಮನ್ ಪರಂಪರೆ. ಹಾಸನದ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು. ಆ ಪರಂಪರೆಯಿಂದ ನಮಗೆ ಒಳ್ಳೆಯದೇ ಆಗಿದೆ. ಅದರ ಜೊತೆಗೆ ಇನ್ನೊಂದನ್ನೂ ಕಲಿಸಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಹೆಜ್ಜೆ 3: “ಒಬ್ಬರೇನಾ? ಸ್ಯಾಂಪಲ್ ಸಾಲದು” ಎಂದರೆ ಏನು ಹೇಳಬೇಕು

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಎರಡು ಹೆಸರು ನೆನಪಿಡಿ.

ಜರ್ಮನ್ ಮನಃಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್, 1885. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಾನೇ ಅಳೆದರು. ಸ್ಯಾಂಪಲ್ ಒಂದೇ: ಅವರು. ಪಠ್ಯದಲ್ಲಿ ನೀವು ಬಿಡಿಸುವ ಮರೆವಿನ ರೇಖೆ ಅಲ್ಲಿಂದ ಬಂದದ್ದು. 2015ರಲ್ಲಿ ಅದನ್ನು ಮತ್ತೆ ಮಾಡಿ ನೋಡಿದಾಗಲೂ ರೇಖೆ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಬಂತು. ಎರಡನೆಯವರು ಹೆನ್ರಿ ಮೊಲೇಸನ್. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಅವರಲ್ಲಿ ಹೊಸ ನೆನಪು ನಿಲ್ಲದಾಯಿತು. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು, ನಿನ್ನೆ ಮಾಡಿದ್ದೆ ಎಂಬುದೇ ನೆನಪಿಲ್ಲದಿದ್ದರೂ. ನೆನಪು ಒಂದೇ ಬಗೆಯದಲ್ಲ ಎಂಬ ಸಾಮಾನ್ಯ ನಿಯಮಕ್ಕೆ ದಾರಿ ಮಾಡಿಕೊಟ್ಟದ್ದು ಆ ಒಬ್ಬ ಮನುಷ್ಯ.

ನಿಮ್ಮ ಸ್ಯಾಂಪಲ್‌ನಲ್ಲಿ ಜನ ಒಬ್ಬರೇ ಇರಬಹುದು, ಅಳತೆ ನೂರಕ್ಕೂ ಹೆಚ್ಚಿರುತ್ತದೆ. ವರದಿಯಲ್ಲಿ ಎರಡನ್ನೂ ಬರೆಯಿರಿ.

ಹೆಜ್ಜೆ 4: ಅವರ ಪದ ಕೇಳಿ

ಇಂಗ್ಲಿಷ್‌ನಿಂದ ಬಂದ ಮಾಪನದಲ್ಲಿ ‘ಆತಂಕ’ ಎಂದಿರುತ್ತದೆ. ನಮ್ಮ ಕಡೆ ಮಾತಾಡುವಾಗ ಯಾರೂ “ನನಗೆ ಆತಂಕ ಆಗ್ತಿದೆ” ಅನ್ನುವುದಿಲ್ಲ. ಒಬ್ಬರಿಗೆ ದಿಗಿಲು, ಒಬ್ಬರಿಗೆ ಕಸಿವಿಸಿ, ಇನ್ನೊಬ್ಬರಿಗೆ ಹೊಟ್ಟೆ ತೊಳಸುತ್ತದೆ. ಈ ಹುಡುಗಿಯ ಪದ ‘ತಳಮಳ’. “ಓದೋಕೆ ಕೂತ್ರೆ ತಳಮಳ ಮೇಡಂ, ಕೂತಲ್ಲಿ ಕೂರೋಕಾಗಲ್ಲ.” ಪುಸ್ತಕದ ಕಾಲಂಗೆ ಅದೇ ಹೆಸರಿಟ್ಟೆವು.

ಪದ ಹೊರಡದಿದ್ದರೆ ಒಂದು ಉಪಾಯವಿದೆ. ಅಮೆರಿಕದ ಮನಃಶಾಸ್ತ್ರಜ್ಞ ಜಾರ್ಜ್ ಕೆಲ್ಲಿ 1955ರಲ್ಲಿ ಪ್ರಕಟಿಸಿದ್ದು, ಖರ್ಚಿಲ್ಲದ್ದು. ಅವರಿಗೆ ಗೊತ್ತಿರುವ ಹತ್ತು ಹನ್ನೆರಡು ಜನರ ಹೆಸರನ್ನು ಚೀಟಿಗಳಲ್ಲಿ ಬರೆಸಿ: ಅಪ್ಪ, ಅಮ್ಮ, ಅಜ್ಜಿ, ಇಷ್ಟದ ಮೇಷ್ಟ್ರು, ಕಷ್ಟದ ಮೇಷ್ಟ್ರು, ‘ನಾನು’. ಮೂರು ಮೂರು ಚೀಟಿ ಎತ್ತಿ ಕೇಳಿ: “ಈ ಮೂವರಲ್ಲಿ ಇಬ್ಬರು ಯಾವುದರಲ್ಲಿ ಒಂದೇ ಥರ, ಮೂರನೆಯವರು ಹೇಗೆ ಬೇರೆ?” ಇವಳು ಅಪ್ಪ, ದೊಡ್ಡಪ್ಪ, ವಾರ್ಡನ್ ಚೀಟಿ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು: “ದೊಡ್ಡಪ್ಪ, ವಾರ್ಡನ್ ಇಬ್ರೂ ಹೇಳಿ ಹೋಗೋರು. ಅಪ್ಪ ಹೇಳದೆ ಹೋಗೋರು.” ಹೇಳಿ ಹೋಗುವವರು, ಹೇಳದೆ ಹೋಗುವವರು. ಯಾವ ಪ್ರಶ್ನಾವಳಿಯಲ್ಲೂ ಈ ಅಳತೆಗೋಲು ಸಿಗುವುದಿಲ್ಲ. ಅದನ್ನು ನಾನು ಬರೆದಿಟ್ಟುಕೊಂಡೆ, ಆದರೆ ಅದರ ಬೆಲೆ ನನಗೆ ಅವತ್ತು ಗೊತ್ತಾಗಲಿಲ್ಲ.

ಹಳೆಯ ಪತ್ರ, ಡೈರಿ ಕೊಡಲು ಒಪ್ಪಿದರೆ ಅದೂ ಸಾಮಗ್ರಿಯೇ. ಆಲ್‌ಪೋರ್ಟ್ ಒಬ್ಬ ತಾಯಿ 1926ರಿಂದ 1937ರವರೆಗೆ ಬರೆದ 301 ಪತ್ರಗಳನ್ನು ಇಟ್ಟುಕೊಂಡು ಅವಳ ಸ್ವಭಾವ ಬಿಡಿಸಿದರು. ತಾನೊಬ್ಬನೇ ಓದಿ ತೀರ್ಪು ಕೊಡಲಿಲ್ಲ, 36 ಜನರಿಂದ ಓದಿಸಿದರು. ಅವರು ಬರೆದುಕೊಟ್ಟ 198 ಗುಣಪದಗಳು ಕೊನೆಗೆ ಎಂಟು ಗುಂಪಾದವು. ನಿಮಗೆ 36 ಜನ ಸಿಗುವುದಿಲ್ಲ. ಇಬ್ಬರಾದರೂ ಬೇರೆ ಬೇರೆ ಓದಲಿ, ಆಮೇಲೆ ಹೋಲಿಸಿ.

ಹೆಜ್ಜೆ 5: ಪುಸ್ತಕ ಹಾಕಿ

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಸ್ಕೇಲ್ ಸಾಕು. ದಿನಕ್ಕೆ ಮೂರು ಸಲ ಬರೆಯಬೇಕು: ತಿಂಡಿ ಆದ ಮೇಲೆ, ಸಂಜೆ ತರಗತಿ ಬಿಟ್ಟ ಮೇಲೆ, ಮಲಗುವ ಮುನ್ನ. ಕಾಲಂ ಐದಕ್ಕಿಂತ ಹೆಚ್ಚು ಬೇಡ. ನಾವು ಹಾಕಿದ್ದು: ಹೊತ್ತು, ತಳಮಳ (0ಯಿಂದ 10), ಹಿಂದಿನ ರಾತ್ರಿಯ ನಿದ್ದೆ, ಓದಿದ ಗಂಟೆ, ‘ಏನಾಯಿತು’ ಎಂದು ಒಂದು ಸಾಲು. ಆ 0 ಎಂದರೇನು, 10 ಎಂದರೇನು ಎಂಬುದನ್ನು ಮೊದಲ ದಿನವೇ ಅವರ ಮಾತಿನಲ್ಲೇ ಬರೆಸಿ. ಇವಳ 10: “ಎದ್ದು ಹೊರಗೆ ಹೋಗಿಬಿಡಬೇಕು ಅನ್ನಿಸೋದು.”

ಆರು ವಾರಕ್ಕಿಂತ ಕಡಿಮೆ ಮಾಡಬೇಡಿ. ಮೊದಲ ವಾರ ಬರೆಯುವುದೇ ಹೊಸದು, ಆ ಅಂಕಗಳಲ್ಲಿ ಗಟ್ಟಿತನ ಇರುವುದಿಲ್ಲ. ವಾರಾಂತ್ಯದ ಗತಿ ಬೇರೆ, ಇಂಟರ್ನಲ್ಸ್ ವಾರದ ಗತಿ ಬೇರೆ. ಎಲ್ಲವೂ ಒಂದೆರಡು ಸಲ ಬಂದು ಹೋಗಬೇಕು. ಬಿಟ್ಟುಹೋದ ಸಾಲನ್ನು ಮಾರನೆಯ ದಿನ ನೆನಪಿನಿಂದ ತುಂಬಲು ಬಿಡಬೇಡಿ, ಖಾಲಿ ಇರಲಿ. ಒಳ್ಳೆಯ ದಿನವೂ ಬರೆಯಲೇಬೇಕು. ಕೆಟ್ಟ ದಿನ ಮಾತ್ರ ಬರೆದ ಪುಸ್ತಕದಿಂದ ಯಾವ ದಿನ ಕೆಟ್ಟದಾಗುತ್ತದೆ ಎಂದು ತಿಳಿಯುವುದಿಲ್ಲ.

ಅವಳ ಪುಸ್ತಕದ ಎರಡು ಸಾಲು ಇಲ್ಲಿವೆ. ಒಂದು ಮಂಗಳವಾರ, ಮಲಗುವ ಮುನ್ನ: ತಳಮಳ 8, ನಿದ್ದೆ ಏಳೂವರೆ ಗಂಟೆ, ಓದು ಒಂದು ಗಂಟೆ. ‘ಆನೆ ಮೆಸೇಜ್. ಅಪ್ಪ ಎತ್ತಲಿಲ್ಲ.’ ಅದೇ ವಾರದ ಶುಕ್ರವಾರ, ತಿಂಡಿ ಆದ ಮೇಲೆ: ತಳಮಳ 3, ನಿದ್ದೆ ನಾಲ್ಕು ಗಂಟೆ, ಓದು ಐದು ಗಂಟೆ. ‘ರಾತ್ರಿ ಮೂವರೂ ಕೂತು ಓದಿದ್ವಿ. ಟೀ ಮಾಡ್ಕೊಂಡ್ವಿ.’

ಹೆಜ್ಜೆ 6: ಮೊದಲು ಕಣ್ಣಿನಿಂದ ಓದಿ

ಕಂಪ್ಯೂಟರ್‌ಗೆ ಹಾಕುವ ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ರೇಖೆ ಎಳೆಯಿರಿ. ನಾವು ನಲವತ್ತೆರಡು ದಿನದ ರೇಖೆ ಎಳೆದಾಗ ನಿದ್ದೆಯ ಗೆರೆಗೂ ತಳಮಳದ ಗೆರೆಗೂ ನಾವು ಎಣಿಸಿದ್ದ ನಂಟು ಕಾಣಲಿಲ್ಲ. ಕಡಿಮೆ ನಿದ್ದೆಯ ಕೆಲವು ದಿನಗಳೇ ಅವಳ ಸಮಾಧಾನದ ದಿನಗಳು, ಗೆಳತಿಯರ ಜೊತೆ ಕೂತು ಓದಿದ ರಾತ್ರಿಯ ಮಾರನೆಯ ದಿನಗಳು. ಏರಿದ ಮುಳ್ಳುಗಳೆಲ್ಲ ಬೇರೆ ಕಡೆ ಇದ್ದವು. ಅವಳ ಮನೆ ಸಕಲೇಶಪುರ ಕಡೆಯ ತೋಟದಲ್ಲಿ. ಕಾಫಿ ಕೊಯ್ಲಿನ ಕಾಲ, ಅಪ್ಪ ರಾತ್ರಿ ಕಣ ಕಾಯಲು ಹೋಗುತ್ತಾರೆ. ಆನೆ ಓಡಾಟದ ಎಚ್ಚರಿಕೆ ಸಂದೇಶ ಆ ಭಾಗದ ಜನರ ಫೋನಿಗೆ ಬರುತ್ತದೆ, ಇವಳ ಫೋನಿಗೂ. ಸಂದೇಶ ಬಂದ ಸಂಜೆಗಳಲ್ಲೇ ರೇಖೆ ಏರಿತ್ತು. “ಬೇಗ ಮಲಗು” ಎಂದರೆ ಕತ್ತಲಲ್ಲಿ ಒಬ್ಬಳೇ ಫೋನ್ ಹಿಡಿದು ಮಲಗು ಎಂದ ಹಾಗಾಗಿತ್ತು. ಪಾಪ, ಹದಿನೈದು ದಿನ ಅದನ್ನೇ ಮಾಡಿದ್ದಳು.

ಹುಷಾರಾಗಿರಬೇಕಾದ ಎರಡು ಕಡೆ ಹೇಳುತ್ತೇನೆ. ಒಂದು, ನಾವು ಒಬ್ಬರನ್ನು ನೋಡಲು ಶುರುಮಾಡುವುದೇ ಅವರು ತೀರಾ ಕುಗ್ಗಿದಾಗ. ಅಲ್ಲಿಂದ ಏನೂ ಮಾಡದಿದ್ದರೂ ಸ್ವಲ್ಪ ಮೇಲಕ್ಕೆ ಬರುವುದು ಸಹಜ. ಅದನ್ನು ನಿಮ್ಮ ಸಲಹೆಯ ಫಲ ಎಂದು ಬರೆಯಬೇಡಿ. ಸಲಹೆಯನ್ನು ಪರೀಕ್ಷಿಸಬೇಕಾದರೆ ಎರಡು ವಾರ ಸುಮ್ಮನೆ ಅಳೆದು, ಎರಡು ವಾರ ಬದಲಾವಣೆ ಮಾಡಿ, ಎರಡು ವಾರ ಬಿಟ್ಟು, ಮತ್ತೆ ಮಾಡಿ ನೋಡಿ. ಇನ್ನೊಂದು, ನಿನ್ನೆಯ ಮನಸ್ಸು ಇವತ್ತಿಗೂ ಹರಿದು ಬರುತ್ತದೆ. ನೂರಿಪ್ಪತ್ತಾರು ಸಾಲುಗಳನ್ನು ನೂರಿಪ್ಪತ್ತಾರು ಬೇರೆ ಬೇರೆ ಜನರೆಂಬಂತೆ ಟಿ-ಟೆಸ್ಟ್‌ಗೆ ಸುರಿದರೆ ಲೆಕ್ಕ ದಾರಿ ತಪ್ಪುತ್ತದೆ. ಬಿ.ಎ. ಮಟ್ಟಕ್ಕೆ ರೇಖೆಯೂ ಎಚ್ಚರದ ವಿವರಣೆಯೂ ಸಾಕು.

ಹೆಜ್ಜೆ 7: ನಿಯಮವನ್ನು ಪಕ್ಕದಲ್ಲಿಟ್ಟುಕೊಳ್ಳಿ

ಇಷ್ಟು ಓದಿ ಅರವತ್ತು ಫಾರಂ ದಂಡ ಎಂದುಕೊಳ್ಳಬೇಡಿ. ಅವಳ ಸ್ಕೋರ್ ಹೆಚ್ಚು ಎಂದು ಗೊತ್ತಾಗಿದ್ದೇ ಅವುಗಳಿಂದ. ಯಾರಿಗಿಂತ ಹೆಚ್ಚು ಎಂದು ಕೇಳಿದರೆ ಉಳಿದವರಿಗಿಂತ ಎಂದೇ ಉತ್ತರ.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರೇಬಿಕಾ ಕಾಫಿ ಹೂ ಬಿಡುತ್ತದೆ ಎಂಬುದು ನಿಯಮ, ಎಲ್ಲ ತೋಟಕ್ಕೂ ಒಂದೇ. ಆದರೆ ನಮ್ಮ ಪಟ್ಟೆಗೆ ಮಳೆ ಬಿತ್ತೋ ಇಲ್ಲವೋ, ಬಿದ್ದದ್ದು ಒಂದು ಇಂಚೋ ಬರೀ ಇಪ್ಪತ್ತು ಸೆಂಟೋ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್) ಎಂದು ನಿಯಮ ಹೇಳುವುದಿಲ್ಲ, ತಾಲ್ಲೂಕಿನ ಸರಾಸರಿಯೂ ಹೇಳುವುದಿಲ್ಲ. ಅದಕ್ಕೇ ಮನೆಮನೆಯಲ್ಲೂ ಮಳೆಮಾಪಕ ಇದೆ, ತಾತನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕ ಇದೆ. ನಿಯಮ ಗೊತ್ತಿಲ್ಲದವನಿಗೆ ಆ ಪುಸ್ತಕದ ಅಂಕೆಯಿಂದ ಏನೂ ತಿಳಿಯುವುದಿಲ್ಲ, ಪುಸ್ತಕ ಇಲ್ಲದವನು ಯಾವ ದಿನದಿಂದ ಎಣಿಸಬೇಕು ಎಂದು ತಿಳಿಯದೆ ನಿಲ್ಲುತ್ತಾನೆ.

ಹಾಗಾಗಿ ವರದಿಯಲ್ಲಿ ಎರಡು ಅಧ್ಯಾಯ ಮಾಡಿ. ಮೊದಲನೆಯದರಲ್ಲಿ ಗುಂಪು: ಅವಳು ಎಲ್ಲಿದ್ದಾಳೆ. ಎರಡನೆಯದರಲ್ಲಿ ಅವಳೊಬ್ಬಳೇ: ಅವಳಲ್ಲಿ ಏನು ಏನನ್ನು ಅಲುಗಿಸುತ್ತದೆ. ಎರಡನೆಯದರಲ್ಲಿ ಕಂಡದ್ದನ್ನು ‘ಮಲೆನಾಡಿನ ವಿದ್ಯಾರ್ಥಿಗಳಲ್ಲಿ’ ಎಂದು ಹಿಗ್ಗಿಸಬೇಡಿ. ಹಾಗೆ ಹೇಳಬೇಕಾದರೆ ಇನ್ನೂ ಹತ್ತು ಜನರ ಹತ್ತು ಪುಸ್ತಕ ಬೇಕು, ಒಂದೊಂದನ್ನೂ ಮೊದಲು ಬೇರೆ ಬೇರೆಯಾಗಿ ಓದಿರಬೇಕು.

ಹೆಜ್ಜೆ 8: ಗುರುತು ಮರೆಸುವುದು, ನಿಲ್ಲಿಸುವುದು

ಹೆಸರು ಬದಲಿಸಿದರೆ ಮುಗಿಯಲಿಲ್ಲ. ನಮ್ಮ ಕಡೆ “ತೋಟದ ರೈಟರ್ ಮಗಳು, ಮೂವರು ಅಕ್ಕಂದಿರು, ಹಾಸ್ಟೆಲ್‌ನಲ್ಲಿ ಇದ್ದಾಳೆ” ಎಂದರೆ ಸಾಕು, ಬಸ್ ಸ್ಟ್ಯಾಂಡ್‌ನಲ್ಲಿ ಯಾರು ಬೇಕಾದರೂ ಇಂಥವಳೇ ಎಂದು ಹೇಳುತ್ತಾರೆ. ಊರು, ಅಪ್ಪನ ಕೆಲಸ, ಒಡಹುಟ್ಟಿದವರ ಸಂಖ್ಯೆ ಎಲ್ಲ ಬದಲಿಸಿ. ಒಪ್ಪಿಗೆಯನ್ನು ಕನ್ನಡದಲ್ಲೇ ಬರೆದು ಸಹಿ ತೆಗೆದುಕೊಳ್ಳಿ. ಯಾವಾಗ ಬೇಕಾದರೂ ಬಿಡಬಹುದು, ಪುಸ್ತಕ ಅವರದೇ ಎಂದು ಅದರಲ್ಲಿ ಇರಲಿ. ಸಾಯಬೇಕು ಅನ್ನಿಸುತ್ತದೆ ಎಂಬಂಥ ಮಾತು ಒಂದು ಸಲ ಬಂದರೂ ಅಧ್ಯಯನ ಅಲ್ಲಿಗೇ ನಿಲ್ಲಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್‌ಗೆ ಅವರ ಜೊತೆ ಕೂತು ಫೋನ್ ಮಾಡಿ, ಮೇಷ್ಟ್ರಿಗೆ ತಿಳಿಸಿ. ಪ್ರಾಜೆಕ್ಟ್ ಇನ್ನೊಂದು ಸಿಗುತ್ತದೆ.

ಹೆಜ್ಜೆ 9: ಬರೆದದ್ದನ್ನು ಅವರಿಗೇ ಓದಿಸಿ

ಬೈಂಡಿಂಗ್‌ಗೆ ಕೊಡುವ ಮುನ್ನ ಮಾಡಬೇಕಾದ ಕೆಲಸ ಇದು. ನಾವು ವರದಿಯಲ್ಲಿ ‘ಆನೆಯ ಭಯವೇ ತಳಮಳಕ್ಕೆ ಕಾರಣ’ ಎಂದು ಬರೆದಿದ್ದೆವು. ಅವಳು ಓದಿ, ಪೆನ್ಸಿಲ್ ಕೇಳಿ ತೆಗೆದುಕೊಂಡು, ಆ ಸಾಲಿನ ಕೆಳಗೆ ಗೆರೆ ಎಳೆದಳು. “ಇದು ಹಂಗಲ್ಲ ಮೇಡಂ. ಆನೆ ಚಿಕ್ಕಂದಿನಿಂದ ನೋಡಿದೀನಿ. ಅಪ್ಪ ಹೇಳ್ದೆ ಹೋಗಿರ್ತಾರೆ, ಫೋನ್ ಎತ್ತಲ್ಲ. ಎತ್ತಿದ್ರೆ ಏನೂ ಆಗಲ್ಲ ನಂಗೆ.”

ಹೇಳದೆ ಹೋಗುವವರು. ಚೀಟಿ ಎತ್ತಿದ ದಿನವೇ ಹೇಳಿದ್ದಳು.

ಮತ್ತೆ ಪುಸ್ತಕ ತೆರೆದೆವು. ‘ಏನಾಯಿತು’ ಕಾಲಂನಲ್ಲಿ ಅವಳು ಪ್ರತಿ ಸಲವೂ ಬರೆದಿದ್ದಳು, ಅಪ್ಪ ಎತ್ತಿದ್ರು, ಅಪ್ಪ ಎತ್ತಲಿಲ್ಲ ಎಂದು. ನಾವು ‘ಮೆಸೇಜ್’ ಎಂಬಲ್ಲಿಗೇ ಓದು ನಿಲ್ಲಿಸಿದ್ದೆವು. ಸಂದೇಶ ಬಂದ ಸಂಜೆಗಳನ್ನು ಎರಡು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗುರುತಿಸಿದೆವು, ಎತ್ತಿದ್ದು ಹಸಿರು, ಎತ್ತದ್ದು ಕೆಂಪು. ಎಂಟು, ಒಂಬತ್ತು ಎಲ್ಲ ಕೆಂಪಿನ ಕಡೆಯೇ ಇದ್ದವು. ಆ ಅಧ್ಯಾಯವನ್ನು ಪೂರ್ತಿ ಮತ್ತೆ ಟೈಪ್ ಮಾಡಿದೆವು. ಅಷ್ಟರಲ್ಲಿ ಅವಳೇ ಮನೆಗೆ ಫೋನ್ ಮಾಡಿ ಒಂದು ಏರ್ಪಾಟು ಮಾಡಿಕೊಂಡಿದ್ದಳು: ರಾತ್ರಿ ಎಂಟೂವರೆಗೆ ಕಣದಿಂದ ಅಪ್ಪನ ಒಂದು ಮಿಸ್ಡ್ ಕಾಲ್.